ಗಾಜುನಾರಿನ ದೋಣಿಗೆ ಅಡಿಗೆಮನೆಯ ಉಪಚಾರ

ಟಿ. ದಾಸರಹಳ್ಳಿಗೂ ದೋಣಿಗೂ ಏನು ನಂಟು ಎಂದು ಓದುಗರು ಹುಬ್ಬೇರಿಸಬಹುದು. ತುಮಕೂರು ಹೆದ್ದಾರಿಯ ಲಾರಿಗಳ ಆರ್ಭಟ, 2015ರಿಂದ ನೆತ್ತಿಯ ಮೇಲೆಯೇ ಓಡಾಡುತ್ತಿರುವ ಮೆಟ್ರೋ ರೈಲು, ಪೀಣ್ಯದ ಕಾರ್ಖಾನೆಗಳಿಗೆ ಪಾಳಿ ಹಿಡಿದು ಹೊರಟ ಜನರ ಸಾಲು, ಇವುಗಳ ನಡುವೆ ಕಡಲೂ ಇಲ್ಲ, ಹೊಳೆಯೂ ಇಲ್ಲ. ಮಲ್ಪೆಯ ಬಂದರನ್ನು ಕಾಣಬೇಕಾದರೆ ಸುಮಾರು 400 ಕಿಲೋಮೀಟರು ಪ್ರಯಾಣ ಮಾಡಿ ಘಟ್ಟ ಇಳಿಯಬೇಕು. ಆದರೆ ಈ ಕಾಲದ ದೋಣಿಯ ಮೈ ಯಾವ ಪದಾರ್ಥದಿಂದ ಆಗಿದೆಯೋ ಆ ಪದಾರ್ಥ ಈ ಊರಿನವರಿಗೆ ಹೊಸದಲ್ಲ. ಪೀಣ್ಯದ ಒಳಬೀದಿಗಳಲ್ಲಿ ಫೈಬರ್‌ಗ್ಲಾಸ್ ಎರಕದ ಸಣ್ಣ ಸಣ್ಣ ಘಟಕಗಳುಂಟು. ಅವುಗಳ ಮುಂದೆ ಹಾದುಹೋಗುವಾಗ ಮೂಗಿಗೆ ಅಡರುವ, ಸಿಹಿಯೋ ಕಟುವೋ ಹೇಳಲಾಗದ ಆ ವಾಸನೆ ಸ್ಟೈರೀನ್ ಎಂಬ ದ್ರವದ್ದು. ಗಾಜಿನ ಎಳೆಗಳನ್ನು ಹಿಡಿದು ಕಟ್ಟುವ ರಾಳದಲ್ಲಿ ಅದು ಬೆರೆತಿರುತ್ತದೆ. ಯಂತ್ರದ ಮುಸುಕು, ನೀರಿನ ತೊಟ್ಟಿ, ಬಾಗಿಲಿನ ಹಲಗೆ, ಉದ್ಯಾನದಲ್ಲಿ ಮಕ್ಕಳು ಜಾರುವ ಜಾರುಬಂಡೆ, ಕೆರೆಯಲ್ಲಿ ತೇಲುವ ಹಂಸದ ಆಕಾರದ ತುಳಿದೋಣಿ, ಇವೆಲ್ಲವೂ ಒಂದೇ ಕಸುಬಿನ ಮಕ್ಕಳು.

ಆದಕಾರಣ ಇಲ್ಲಿ ದೋಣಿಯ ಮೈಗೆ ಹೇಳುವ ಮಾತು ಸ್ನಾನದ ತೊಟ್ಟಿಗೂ ಸಲ್ಲುತ್ತದೆ, ಬಾಗಿಲಿಗೂ ಸಲ್ಲುತ್ತದೆ. ರಜೆಯ ದಿನಗಳಲ್ಲಿ ಹಿನ್ನೀರಿಗೆ ಕೊಂಡೊಯ್ಯುವುದಕ್ಕೆಂದು ಕಿರುದೋಣಿಯೊಂದನ್ನು ಮನೆಯ ಪಕ್ಕದಲ್ಲಿ ಒರಗಿಸಿಟ್ಟವರಿಗಂತೂ ಇದು ನೇರವಾಗಿಯೇ ಸಂಬಂಧಿಸಿದ ವಿಷಯ. ಕೊಂಡ ವರ್ಷ ಕನ್ನಡಿಯಂತೆ ಇದ್ದ ದೋಣಿ ಮೂರನೆಯ ಬೇಸಗೆಗೆ ಸುಣ್ಣ ಬಳಿದ ಗೋಡೆಯಂತೆ ಮಂಕಾಗಿ ನಿಂತಾಗ ಮನೆಯವರೆಲ್ಲ ಸೇರಿ ಅದನ್ನು ಉಜ್ಜಲು ತೊಡಗುತ್ತಾರೆ. ಹಿತ್ತಾಳೆಯ ಕೊಳಗವನ್ನು ಬೆಳಗಿ ಅಭ್ಯಾಸವಾದ ಕೈ. ಬೂದಿ, ಇಟ್ಟಿಗೆಯ ಪುಡಿ, ತೆಂಗಿನ ನಾರು, ಉಕ್ಕಿನ ಉಂಡೆ ಯಾವುದು ಸಿಕ್ಕಿದರೆ ಅದು. ಸಂಜೆಯ ಹೊತ್ತಿಗೆ ದೋಣಿ ಬೆಳ್ಳಗಾಗುವುದೇನೋ ನಿಜ. ಆದರೆ ಮುಂದಿನ ವರ್ಷಕ್ಕೆ ಅದು ಹಿಂದಿಗಿಂತ ಬೇಗನೆ ಮಂಕಾಗುತ್ತದೆ, ಅದರ ಮುಂದಿನ ವರ್ಷ ಇನ್ನೂ ಬೇಗ. ಹೀಗೇಕೆಂದು ತಿಳಿಯಬೇಕಾದರೆ ಫೈಬರ್‌ಗ್ಲಾಸಿನ ಹುಟ್ಟನ್ನು ಸ್ವಲ್ಪ ನೋಡಬೇಕು.

ಗಾಜಿನ ಎಳೆ ಮತ್ತು ಪಾಲಿಯೆಸ್ಟರ್ ರಾಳ ಸೇರಿದ ದೋಣಿಯನ್ನು ಅಮೆರಿಕದ ಓಹಿಯೋ ಪ್ರಾಂತದಲ್ಲಿ ರೇ ಗ್ರೀನ್ ಎಂಬಾತ 1942ರಲ್ಲಿಯೇ ಕಟ್ಟಿದ. ಅಂದಿನಿಂದ ಇಂದಿನವರೆಗೆ ಸಣ್ಣ ದೋಣಿಗಳ ಕ್ರಮ ಬಹುಮಟ್ಟಿಗೆ ಅದೇ. ಮರದ ದೋಣಿಯಲ್ಲಿ ಮೊದಲು ಮೈ, ಕೊನೆಗೆ ಬಣ್ಣ. ಗಾಜುನಾರಿನ ದೋಣಿಯಲ್ಲಿ ಇದಕ್ಕೆ ತಿರುವುಮುರುವು: ಮೊದಲು ಬಣ್ಣ, ಆಮೇಲೆ ಮೈ. ಕನ್ನಡಿಯಂತೆ ನುಣುಪಾದ ಅಚ್ಚಿನ ಒಳಬದಿಗೆ ಮೇಣವನ್ನು ಹಚ್ಚಿ, ಅದರ ಮೇಲೆ ಬಣ್ಣ ಬೆರೆಸಿದ ರಾಳವನ್ನು ತೆಳ್ಳಗೆ ಸಿಂಪಡಿಸುತ್ತಾರೆ. ಇದಕ್ಕೆ ಜೆಲ್‌ಕೋಟ್ ಎಂದು ಹೆಸರು. ಅದು ಗಟ್ಟಿಯಾಗುತ್ತ ಬಂದಾಗ ಗಾಜಿನ ಎಳೆಗಳ ಚಾಪೆಯನ್ನು ಹಾಸಿ, ರಾಳವನ್ನು ಕುಡಿಸಿ, ಉರುಳೆಯಿಂದ ಒತ್ತಿ, ಪದರದ ಮೇಲೆ ಪದರ ಏರಿಸುತ್ತಾರೆ. ಒಣಗಿದ ಮೇಲೆ ಅಚ್ಚಿನಿಂದ ಕಿತ್ತರೆ ಎಲ್ಲಕ್ಕಿಂತ ಮೊದಲು ಸಿಂಪಡಿಸಿದ ಪದರವೇ ಎಲ್ಲಕ್ಕಿಂತ ಹೊರಗೆ ಬಂದು ನಿಲ್ಲುತ್ತದೆ. ದೋಣಿಯ ಹೊಳಪೆಂಬುದು ಅಚ್ಚಿನ ನುಣುಪಿನ ಪಡಿಯಚ್ಚು.

ಈ ಜೆಲ್‌ಕೋಟಿನ ದಪ್ಪ ಸುಮಾರು ಅರ್ಧ ಮಿಲಿಮೀಟರು. ಕೈಯಲ್ಲಿರುವ ವಾರಪತ್ರಿಕೆಯ ಐದಾರು ಹಾಳೆಗಳನ್ನು ಒತ್ತಿ ಹಿಡಿದರೆ ಎಷ್ಟಾದೀತೋ ಅಷ್ಟು. ನೀರು ಒಳನುಗ್ಗದಂತೆ, ಬಿಸಿಲು ಒಳಗಿನ ರಾಳವನ್ನು ತಿನ್ನದಂತೆ ಕಾಯುವುದು ಇದೊಂದೇ. ಹಿತ್ತಾಳೆಯ ಕೊಳಗವಾದರೆ ಒಳಗೂ ಹೊರಗೂ ಹಿತ್ತಾಳೆಯೇ. ಎಷ್ಟು ಉಜ್ಜಿದರೂ ಕೆಳಗೆ ಬರುವುದು ಹಿತ್ತಾಳೆ. ಇಲ್ಲಿ ಉಜ್ಜಿದಷ್ಟೂ ಈ ಐದಾರು ಹಾಳೆಗಳು ಸವೆಯುತ್ತವೆ. ಸವೆದು ಮುಗಿದ ದಿನ ಗಾಜಿನ ನಾರು ಹೊರಗೆ ಕಾಣಿಸುತ್ತದೆ; ಆಮೇಲೆ ಅಡಿಗೆಮನೆಯ ಯಾವ ಡಬ್ಬಿಯಲ್ಲಿಯೂ ಅದಕ್ಕೆ ಮದ್ದಿಲ್ಲ. ಮತ್ತೆ ಜೆಲ್‌ಕೋಟು ಬಳಿಸಲು ಘಟಕಕ್ಕೇ ಹೊತ್ತೊಯ್ಯಬೇಕು.

ಆದ್ದರಿಂದ ಸೋಪಿನ ನೀರನ್ನು ಕಲಸುವುದಕ್ಕೂ ಮುಂಚೆ ಮಾಡತಕ್ಕ ಕೆಲಸ ಒಂದಿದೆ. ಅದು ನೋಡುವುದು. ದೋಣಿಯನ್ನು ನೆರಳಿನಲ್ಲಿ ಬೋರಲು ಹಾಕಿ, ಧೂಳನ್ನು ಬರಿಯ ನೀರಿನಿಂದ ಇಳಿಸಿ, ಒರಸಿ, ಬೆಳಕು ಓರೆಯಾಗಿ ಬೀಳುವಾಗ ಇಡೀ ಮೈಯನ್ನು ಕಣ್ಣಾಡಿಸಿ ನೋಡಬೇಕು. ಜೇಡರ ಬಲೆಯಂತೆ ಕವಲೊಡೆದ ಬಿರುಕುಗಳಿದ್ದರೆ ಅಲ್ಲಿ ಎಂದೋ ಬಲವಾದ ಪೆಟ್ಟು ಬಿದ್ದಿದೆಯೆಂದು ತಿಳಿಯಬೇಕು. ಸಣ್ಣ ಸಣ್ಣ ಬೊಬ್ಬೆಗಳಿದ್ದರೆ ದೋಣಿ ಬಹುಕಾಲ ನೀರಿನಲ್ಲಿಯೇ ನಿಂತಿದ್ದು ಜೆಲ್‌ಕೋಟಿನ ಮೂಲಕ ನೀರು ಮೆಲ್ಲಮೆಲ್ಲನೆ ಒಳಗೆ ಹೊಕ್ಕಿದೆಯೆಂದು ಅರ್ಥ. ಅಂಥ ಬೊಬ್ಬೆಯನ್ನು ಚುಚ್ಚಿದರೆ ಒಸರುವ ದ್ರವಕ್ಕೆ ವಿನಿಗರಿನ ಹುಳಿವಾಸನೆ ಇರುವುದುಂಟು. ಹಾಗೆ ಚುಚ್ಚುವಾಗ ಒಳಗಿನ ದ್ರವ ಒತ್ತಡದಿಂದ ಚಿಮ್ಮುವುದರಿಂದ ಕಣ್ಣಿಗೆ ಕನ್ನಡಕವಿರಬೇಕು. ಇನ್ನೊಂದು ಪರೀಕ್ಷೆ ಗೃಹಿಣಿಯರಿಗೆ ಕಲಿಸಬೇಕಾದುದೇ ಅಲ್ಲ. ಮಣ್ಣಿನ ಮಡಕೆಯನ್ನು ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಡಿದು ನಾದವನ್ನು ಕೇಳುವುದಿಲ್ಲವೆ? ಹಾಗೆಯೇ ಒಂದು ನಾಣ್ಯದಿಂದ ದೋಣಿಯ ಮೈಯನ್ನು ಗೇಣು ಗೇಣಿಗೆ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಕಡೆ ಟಣ್ಣೆನ್ನುತ್ತದೆ; ಪದರ ಬಿಟ್ಟುಕೊಂಡ ಕಡೆ ಸದ್ದು ಬೊದ್ದಾಗುತ್ತದೆ. ಹೊಳಪು ಕೊಟ್ಟ ಮೇಲೆ ನೋಡಿದರಾಯಿತೆಂದು ಬಿಟ್ಟವರು ಬಿರುಕಿನೊಳಗೆ ಮೇಣವನ್ನು ತುಂಬಿ ಮುಚ್ಚಿಬಿಡುತ್ತಾರೆ. ಮೇಣ ಕುಡಿದ ಬಿರುಕಿನಲ್ಲಿ ದುರಸ್ತಿಯ ರಾಳವೂ ಕಚ್ಚುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ನೀರಿನ ನಡುವೆ ಹೋಗತಕ್ಕ ದೋಣಿಯಲ್ಲಿ ಬಿರುಕನ್ನು ಅಲಂಕರಿಸಿ ಬಚ್ಚಿಡುವುದು ಸಣ್ಣ ತಪ್ಪಲ್ಲ.

ನೋಡಿದ್ದಾಯಿತು, ಇನ್ನು ಆ ಬಿಳಿಯ ವಿಚಾರ. ಮಂಕಾದ ದೋಣಿಯ ಮೇಲಿನ ಬಿಳುಪು ಎರಡು ಬಗೆ. ಒಂದು ಬಿಸಿಲಿನ ಕೆಲಸ. ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಮೇಲುಮೇಲಿನ ರಾಳವನ್ನು ಶಿಥಿಲಗೊಳಿಸಿ, ಅದರಲ್ಲಿ ಹುದುಗಿದ್ದ ಬಣ್ಣದ ಕಣಗಳನ್ನು ಹುಡಿಯಾಗಿ ಬಿಡಿಸುತ್ತವೆ. ಇನ್ನೊಂದು ನೀರಿನ ಕೆಲಸ. ಟಿ. ದಾಸರಹಳ್ಳಿಯ ಸುತ್ತ ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳು ಇಂದಿಗೂ ಉಂಟು. ಆ ನೀರು ಒಣಗಿದ ಜಾಗದಲ್ಲೆಲ್ಲ ಸುಣ್ಣದ ಕಲೆ ನಿಲ್ಲುತ್ತದೆಂಬುದನ್ನು ಸ್ನಾನದ ಮನೆಯ ನಲ್ಲಿಯೇ ಸಾರುತ್ತದೆ. ಎರಡೂ ಬಿಳುಪೇ ಆದರೂ ಚಿಕಿತ್ಸೆ ಬೇರೆ. ಕಪ್ಪು ಬಟ್ಟೆಯ ಚೂರೊಂದರಿಂದ ಒಣಮೈಯನ್ನು ತೀಡಿದಾಗ ಬಟ್ಟೆಗೆ ಹುಡಿ ಹತ್ತಿದರೆ ಅದು ಬಿಸಿಲಿನದು. ಹತ್ತದಿದ್ದರೆ ಕಲೆಯ ಮೇಲೆ ಒಂದು ತೊಟ್ಟು ನಿಂಬೆರಸವನ್ನು ಬಿಡಬೇಕು; ಸಣ್ಣಗೆ ನೊರೆಗುಳ್ಳೆ ಎದ್ದರೆ ಅದು ಸುಣ್ಣ. ಸುಣ್ಣದ ಕಲೆಯನ್ನು ಬಿಸಿಲಿನ ಮಂಕೆಂದು ಭ್ರಮಿಸಿ ಉಜ್ಜುಹಿಟ್ಟಿನಿಂದ ತೀಡಿ ತೀಡಿ ಒಳ್ಳೆಯ ಜೆಲ್‌ಕೋಟನ್ನು ಹಾಳುಮಾಡಿಕೊಳ್ಳುವುದು ಗಡಸು ನೀರಿನ ಊರುಗಳಲ್ಲಿ ಬಹು ಸುಲಭ.

ಸಾಮಾನ್ಯವಾದ ಕೊಳೆಗೆ ಬೇಕಾದುದು ಬಹಳ ಕಡಿಮೆ. ಒಂದು ಬಕೆಟ್ಟು ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಚಮಚ, ಮೆತ್ತನೆಯ ಸ್ಪಂಜು, ಸವೆದ ಹತ್ತಿಯ ಸೀರೆಯ ತುಂಡು. ಮೇಲಿನಿಂದ ಕೆಳಕ್ಕೆ ತೊಳೆಯುತ್ತ ಬಂದು, ಸೋಪು ಒಣಗುವುದಕ್ಕೆ ಬಿಡದೆ ನೀರು ಹೊಯ್ದು, ನೀರೂ ಒಣಗುವುದಕ್ಕೆ ಬಿಡದೆ ಒರಸಬೇಕು. ಕೊನೆಯ ಜಾಲಿಕೆಗೆ ಮಳೆನೀರು ದೊರೆತರೆ ಅದಕ್ಕಿಂತ ಉತ್ತಮವಾದುದಿಲ್ಲ. ಅದರಲ್ಲಿ ಸುಣ್ಣದ ಅಂಶವೇ ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನ ಮನೆಗಳಲ್ಲಿ ಮಳೆನೀರಿನ ಕೊಯ್ಲನ್ನು 2009ರ ತಿದ್ದುಪಡಿಯ ಮೂಲಕ ಕಾನೂನೇ ಕಡ್ಡಾಯ ಮಾಡತೊಡಗಿದ ಮೇಲೆ, ತಾರಸಿಯ ತೊಟ್ಟಿಯಲ್ಲಿ ಒಂದೆರಡು ಬಕೆಟ್ಟು ಸಿಗುವುದು ಅಷ್ಟು ದುರ್ಲಭವೂ ಅಲ್ಲ.

ಸೋಪಿಗೆ ಜಗ್ಗದ ಕಲೆಗಳಿಗೆ ಅಡಿಗೆಮನೆಯ ಹುಳಿಗಳು ಒದಗುತ್ತವೆ. ಸುಣ್ಣಕ್ಕೆ ವಿನಿಗರು: ಅಂಗಡಿಯ ವಿನಿಗರಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಅಸಿಟಿಕ್ ಆಮ್ಲವಿರುತ್ತದೆ, ಅದಕ್ಕೆ ಸಮನಾಗಿ ನೀರು ಬೆರೆಸಿ, ಬಟ್ಟೆಯಲ್ಲಿ ತೋಯಿಸಿ ಕಲೆಯ ಮೇಲೆ ಐದು ನಿಮಿಷ ಹರಡಿದರೆ ಸುಣ್ಣ ಕರಗುತ್ತದೆ. ಕೆರೆಯ ನೀರು ನಿಂತ ಮಟ್ಟದಲ್ಲಿ ಮೂಡುವ ಕಂದುಬಣ್ಣದ ಗೆರೆಗೆ ನಿಂಬೆರಸ ಮೇಲು. ಎಲೆ ಕೊಳೆತ ನೀರಿನ ಕಸರೂ ಕಬ್ಬಿಣದ ಅಂಶವೂ ಆ ಗೆರೆಗೆ ಕಾರಣ. ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದು ಬಿಡಿಸುತ್ತದೆ. ತಾಮ್ರದ ಚೊಂಬಿಗೆ ಒದಗುವ ಹುಣಸೆಹಣ್ಣೂ ಹುಳಿಯೇ ಸರಿ. ಆದರೆ ಮಂಕಾದ ಜೆಲ್‌ಕೋಟಿನ ಸಣ್ಣ ರಂಧ್ರಗಳಲ್ಲಿ ಅದರ ಸ್ವಂತ ಕಂದುಬಣ್ಣವೇ ಉಳಿದುಕೊಂಡೀತು. ಚೊಂಬಿಗೇ ಅದನ್ನು ಮೀಸಲಿಡುವುದು ಒಳ್ಳೆಯದು. ಯಾವ ಹುಳಿಯಾದರೂ ದೋಣಿಯ ಅಲ್ಯುಮಿನಿಯಮ್ ಪಟ್ಟಿಗೂ ಸತು ಲೇಪಿಸಿದ ಮೊಳೆಗೂ ಶತ್ರು. ಕೆಲಸ ಮುಗಿದೊಡನೆ ಧಾರಾಳವಾಗಿ ನೀರು ಹೊಯ್ಯಬೇಕು.

ಅಡಿಗೆಯ ಸೋಡಾ ಸಾಧು ಪದಾರ್ಥ. ಮೂರು ಪಾಲು ಸೋಡಾಕ್ಕೆ ಒಂದು ಪಾಲು ನೀರು ಸೇರಿಸಿ ಹಿಟ್ಟಿನಂತೆ ಕಲಸಿ ಮೃದುವಾಗಿ ತೀಡಿದರೆ ಪಾದರಕ್ಷೆಯ ಕರಿಗೆರೆ, ಎಣ್ಣೆಯ ಜಿಡ್ಡು ಬಿಡುತ್ತವೆ. ಸೋಡಾದ ಹರಳು ಮೆದು. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾನದಲ್ಲಿ ಅದು ಸುಮಾರು ಎರಡೂವರೆ. ಇಟ್ಟಿಗೆಯ ಪುಡಿಯಲ್ಲಿಯೂ ಮರಳಿನಲ್ಲಿಯೂ ಇರುವ ಸ್ಫಟಿಕದ ಅಂಕ ಏಳು. ಅದು ಜೆಲ್‌ಕೋಟನ್ನಷ್ಟೇ ಅಲ್ಲ, ಅದರ ಕೆಳಗಿನ ಗಾಜನ್ನೂ ಗೀರಬಲ್ಲದು. ಉಕ್ಕಿನ ಉಂಡೆಯದು ಬೇರೆಯೇ ಕಿಡಿಗೇಡಿತನ: ಗೀರುವುದಲ್ಲದೆ ತನ್ನ ಚೂರುಗಳನ್ನು ಮೈಯಲ್ಲಿ ನೆಟ್ಟು ಹೋಗುತ್ತದೆ, ಮೊದಲ ಮಳೆಗೆ ಅವು ತುಕ್ಕು ಹಿಡಿದು ಕೆಂಪು ಚುಕ್ಕೆಗಳಾಗುತ್ತವೆ. ಹಲ್ಲುಜ್ಜುವ ಪೇಸ್ಟು ಒಂದೆರಡು ಅಂಗುಲದ ಗೀರಿಗೆ ಸರಿ, ಇಡೀ ದೋಣಿಗೆ ಹಚ್ಚಹೊರಟರೆ ಸಂಸಾರವೆಲ್ಲ ಒಂದು ತಿಂಗಳು ಬೇವಿನ ಕಡ್ಡಿಯಿಂದ ಹಲ್ಲುಜ್ಜಬೇಕಾದೀತು.

ವಿನಿಗರನ್ನೂ ಸೋಡಾವನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ, ಬುಸುಗುಟ್ಟುವ ನೊರೆಯನ್ನು ಕಂಡು ಹಿಗ್ಗುವವರಿದ್ದಾರೆ. ಆ ನೊರೆ ಬರಿಯ ಇಂಗಾಲದ ಡೈಆಕ್ಸೈಡು. ಹುಳಿ ಕ್ಷಾರವನ್ನು ತಿಂದು, ಕ್ಷಾರ ಹುಳಿಯನ್ನು ತಿಂದು, ಕಡೆಗೆ ಉಳಿಯುವುದು ಕೆಲಸಕ್ಕೆ ಬಾರದ ಉಪ್ಪುನೀರು. ಇದರಿಂದ ಹಾನಿಯಿಲ್ಲ, ಪ್ರಯೋಜನವೂ ಇಲ್ಲ. ಆದರೆ ಇನ್ನೊಂದು ಬೆರಕೆಯಿದೆ; ಅದು ನಗುವ ವಿಷಯವಲ್ಲ. ಪಾಚಿಯ ಕಲೆಗೆಂದು ಬ್ಲೀಚಿಂಗ್ ದ್ರವವನ್ನು ಹಚ್ಚಿ, ಅದು ಸಾಲದೆಂದು ಅದರ ಮೇಲೆಯೇ ಶೌಚಾಲಯ ತೊಳೆಯುವ ಆಮ್ಲವನ್ನೋ ವಿನಿಗರನ್ನೋ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ 1915ರಲ್ಲಿ ಸೈನಿಕರ ಮೇಲೆ ಬಿಟ್ಟ ವಿಷವಾಯು ಇದೇ. ಬೋರಲು ಹಾಕಿದ ದೋಣಿಯ ಅಡಿಗೆ ತಲೆ ತೂರಿಸಿ ಕೆಲಸಮಾಡುವವನಿಗೆ ಓಡುವುದಕ್ಕೂ ಎಡೆಯಿರುವುದಿಲ್ಲ. ಬ್ಲೀಚನ್ನು ಬಳಸಲೇಬೇಕೆಂದಿದ್ದರೆ ನೀರು ಹೆಚ್ಚಾಗಿ ಬೆರೆಸಿ, ಅದೊಂದನ್ನೇ ಬಳಸಿ, ತೊಳೆದು ಮುಗಿಸಿ, ಹುಳಿಯ ಕೆಲಸವನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳಬೇಕು. ಶೌಚಾಲಯದ ಆಮ್ಲಕ್ಕೆ ದೋಣಿಯ ಬಳಿ ಕೆಲಸವೇ ಇಲ್ಲ.

ಮಂಕಿಗೆ ಕೊಬ್ಬರಿ ಎಣ್ಣೆ ಸವರುವ ಪದ್ಧತಿಯೂ ಉಂಟು. ಇದಕ್ಕೆ ಮೂಲ ಕರಾವಳಿಯ ಹಳೆಯ ಅನುಭವವಿರಬಹುದು. ಅಲ್ಲಿ ಮರದ ದೋಣಿಗಳಿಗೆ ಬೂತಾಯಿ ಮೀನಿನ ಎಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬಳಿಯುತ್ತಿದ್ದರು. ಮರ ಎಣ್ಣೆಯನ್ನು ಕುಡಿಯುತ್ತದೆ. ಕುಡಿದ ಎಣ್ಣೆ ನೀರನ್ನೂ ಹುಳುವನ್ನೂ ತಡೆಯುತ್ತದೆ. ಗಾಜುನಾರು ಮರವಲ್ಲ. ಎಣ್ಣೆ ಮೇಲೆಯೇ ನಿಂತು ಎರಡು ದಿನ ಮಿರುಗಿ, ಮೂರನೆಯ ದಿನ ತುಮಕೂರು ರಸ್ತೆಯ ಧೂಳನ್ನೆಲ್ಲ ಬರಮಾಡಿಕೊಂಡು ಜಿಗುಟಾಗುತ್ತದೆ.

ಹೊಳಪಿಗೆ ಬೇಕಾದುದು ಎಣ್ಣೆಯಲ್ಲ, ಸಮತಟ್ಟು. ಬಿಸಿಲಿನಿಂದ ಹುಡಿಯಾದ ಮೈ ಏರುತಗ್ಗಾಗಿ ಬೆಳಕನ್ನು ಚೆಲ್ಲಾಪಿಲ್ಲಿ ಮಾಡುವುದರಿಂದಲೇ ಅದು ಮಂಕಾಗಿ ಕಾಣುವುದು. ಮೋಟಾರು ಕಾರಿಗೆ ಬಳಸುವ ಅತಿ ನುಣುಪಾದ ಪಾಲಿಷು ಮನೆಯಲ್ಲಿದ್ದರೆ ಅದೇ ಸಾಕು. ಎರಡಡಿ ಉದ್ದ ಎರಡಡಿ ಅಗಲದ ಜಾಗವನ್ನಷ್ಟೇ ಆರಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಸ್ವಲ್ಪವೇ ಪಾಲಿಷು ತೆಗೆದು, ತೋಳಿನ ಬಲವನ್ನೆಲ್ಲ ಹಾಕದೆ ತೀಡಬೇಕು. ಬಟ್ಟೆಗೆ ದೋಣಿಯ ಬಣ್ಣ ಬರುವುದು ಸಹಜ. ಅದು ಸತ್ತ ರಾಳ. ಹೊಳಪು ಕಂಡೊಡನೆ ನಿಲ್ಲಿಸಬೇಕು. ಇನ್ನೂ ನಾಲ್ಕು ಸಲ ತೀಡಿದರೆ ಇನ್ನೂ ಹೊಳೆದೀತೆಂಬ ಆಸೆಯಿಂದ ಮುಂದುವರಿದರೆ ಸವೆಯುವುದು ಜೀವಂತವಾದ ಜೆಲ್‌ಕೋಟು. ಅಂಚುಗಳಲ್ಲಿ ಆ ಪದರ ಬೇಗ ತೀರಿಹೋಗುವುದರಿಂದ ಅಲ್ಲಿ ಕೈ ಇನ್ನೂ ಹಗುರವಾಗಿರಬೇಕು. ಮರಳುಕಾಗದದಿಂದ ಒಣಗೆ ಉಜ್ಜುವುದನ್ನು ಮನೆಯಲ್ಲಿ ಮಾಡಲೇಬಾರದು. ಗಾಜಿನ ಎಳೆ ಕೆದರಿ ಹುಡಿಯೆದ್ದರೆ ಮೈಯೆಲ್ಲ ನವೆ, ಗಂಟಲಲ್ಲಿ ಕೆರೆತ. ಆ ಬಟ್ಟೆಗಳನ್ನು ಮಗುವಿನ ಬಟ್ಟೆಯ ಜೊತೆ ಒಗೆದರೆ ಮಗುವಿಗೂ ನವೆ. ಪೀಣ್ಯದ ಎರಕದ ಮನೆಗಳಲ್ಲಿ ದುಡಿಯುವವರು ಈ ಹುಡಿಯನ್ನೂ ಆ ಸ್ಟೈರೀನನ್ನೂ ದಿನವಿಡೀ ಎದುರಿಸುವವರು. ಮುಖಕವಚವಿಲ್ಲದೆ ಕೆಲಸಮಾಡಿಸುವ ಘಟಕಕ್ಕೆ ದುರಸ್ತಿಗೆ ಕೊಡುವ ಮುನ್ನ ಗಿರಾಕಿ ಒಂದು ಮಾತು ಕೇಳಿದರೆ ತಪ್ಪೇನೂ ಇಲ್ಲ.

ಪಾಲಿಷಿನ ಮೇಲೆ ಮೇಣ. ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣ ಕಾರಿನ ಮೇಣಗಳಲ್ಲಿ ಸಾಮಾನ್ಯ. ಅದು ಕರಗಲು 80 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿದ ಶಾಖ ಬೇಕಾಗಿರುವುದರಿಂದ ಬಿಸಿಲಿಗೆ ತಾಳುತ್ತದೆ. ಜೇನುಮೇಣ 60ರ ಮೇಲೆ ಸ್ವಲ್ಪದರಲ್ಲಿಯೇ ಕರಗುವ ಜಾತಿ. ಮೇಣವನ್ನು ತೆಳ್ಳಗೆ ಹಚ್ಚಿ, ಮಬ್ಬು ಕವಿದ ಮೇಲೆ ಬೇರೆ ಬಟ್ಟೆಯಿಂದ ಒರಸಿ ತೆಗೆಯಬೇಕು. ನೀರು ಮುತ್ತಾಗಿ ನಿಲ್ಲುವವರೆಗೆ ಮೇಣ ಇದೆ. ಹರಡಿಕೊಂಡರೆ ಮತ್ತೆ ಹಚ್ಚುವ ಕಾಲ ಬಂದಿದೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಬೆಂಗಳೂರಿನಲ್ಲಿ ಸಣ್ಣದಲ್ಲ. ಬೆಳ್ಳಂದೂರು ಕೆರೆ 2015ರಲ್ಲಿ ನೊರೆಯ ಗುಡ್ಡೆಗಳನ್ನು ರಸ್ತೆಗೆ ಎಸೆದು, ಬೆಂಕಿಯನ್ನೂ ಹೊತ್ತಿಸಿಕೊಂಡು ಲೋಕಪ್ರಸಿದ್ಧವಾಯಿತು. ಆ ನೊರೆಯಲ್ಲಿ ಮನೆಮನೆಯ ಸೋಪಿನ ಪಾಲಿತ್ತು. ಪೀಣ್ಯದ ಕೊಳಚೆ ವೃಷಭಾವತಿಯನ್ನು ಏನು ಮಾಡಿತೆಂಬುದನ್ನೂ, ಅಲ್ಲಿಯ ಅಂತರ್ಜಲದಲ್ಲಿ ಕ್ರೋಮಿಯಮ್ ಸೇರಿದ ಕಥೆಯನ್ನೂ ಈ ಭಾಗದವರು ಬಲ್ಲರು. ಆದಕಾರಣ ಕೆರೆಯ ದಂಡೆಯಲ್ಲಿಯೇ ದೋಣಿಯನ್ನು ಸೋಪು ಹಾಕಿ ತೊಳೆಯಕೂಡದು. ಅಂಟುವಾಳದ ಕಾಯಿ ಪ್ರಕೃತಿದತ್ತವಾದುದು, ಅದರಿಂದ ತೊಳೆದರೆ ದೋಷವಿಲ್ಲವೆಂದು ವಾದಿಸುವವರಿಗೆ ಒಂದು ಸಂಗತಿ ತಿಳಿದಿರಲಿ: ಅದರ ನೊರೆಗೆ ಕಾರಣವಾದ ಸಪೋನಿನ್ ಮೀನಿನ ಕಿವಿರುಗಳಿಗೆ ವಿಷ. ಇಂಥ ಕಾಯಿಗಳನ್ನು ಅರೆದು ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದ ಪದ್ಧತಿ ಹಲವು ನಾಡುಗಳಲ್ಲಿ ಇತ್ತು. ಮನೆಯ ಬಳಿ, ಒಳಚರಂಡಿಗೆ ಹರಿಯುವ ಜಾಗದಲ್ಲಿ, ಎರಡು ಬಕೆಟ್ಟಿನೊಳಗೆ ಕೆಲಸ ತೀರಿಸುವುದೇ ಸರಿಯಾದ ದಾರಿ.

ಕಡಲ ದೋಣಿಯವರಿಗೆ ಇದಕ್ಕೆ ಒಂದು ಕಾಲವೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಮಲ್ಪೆಯಲ್ಲಿ ಬೋಟುಗಳು ದಡ ಹಿಡಿದು ದುರಸ್ತಿಗೆ ನಿಲ್ಲುತ್ತವೆ. ಉಪ್ಪುನೀರಿನಲ್ಲಿಯೇ ನಿಲ್ಲುವ ದೋಣಿಯ ಅಡಿಭಾಗಕ್ಕೆ ಚಿಪ್ಪುಜೀವಿಗಳು ಅಂಟದಂತೆ ತಾಮ್ರದ ಸಂಯುಕ್ತವಿರುವ ಬಣ್ಣವನ್ನು ಬಳಿದಿರುವುದುಂಟು. ಅಂಥ ಭಾಗಕ್ಕೆ ಪಾಲಿಷೂ ಬೇಡ, ಮೇಣವೂ ಬೇಡ. ಕೈಚೀಲ ತೊಟ್ಟು ಸಿಹಿನೀರಿನಿಂದ ತೊಳೆದರೆ ಸಾಕು. ಮೇಲೆ ಹೇಳಿದ ಉಪಚಾರವೆಲ್ಲ ನೀರಿನ ಗೆರೆಯಿಂದ ಮೇಲಕ್ಕೆ ಮಾತ್ರ.

ಕೆಲಸ ಮುಗಿದ ಮೇಲೆ ದೋಣಿಯನ್ನು ಬೋರಲಾಗಿ, ನೆಲ ಮುಟ್ಟದಂತೆ ಎರಡು ಮರದ ತುಂಡುಗಳ ಮೇಲೆ ಇಟ್ಟು, ಗಾಳಿಯಾಡುವಂತೆ ಹೊದಿಸಬೇಕು. ಪ್ಲಾಸ್ಟಿಕ್ ಹಾಳೆಯನ್ನು ಮೈಗೆ ಅಂಟುವಂತೆ ಬಿಗಿದರೆ ಒಳಗೆ ಬೆವರಿ ಮತ್ತೆ ಕಲೆ. ಹೊರಮೈಗೆ ಹಚ್ಚಿ ಉಳಿದ ಮೇಣವನ್ನು ಒಳಗಿನ ಹಲಗೆಗೂ ಬಳಿದು ಮುಗಿಸೋಣವೆಂಬ ಉತ್ಸಾಹ ಕೆಲವರಿಗೆ ಬರುತ್ತದೆ. ಕಾಲಿಡುವ ಜಾಗಕ್ಕೆ ಮೇಣ ಸೋಕಿಸಕೂಡದು. ನೀರು ಬಿದ್ದೊಡನೆ ಅಲ್ಲಿ ನಿಂತವರ ಕಾಲು ಜಾರುತ್ತದೆ. ಅಲ್ಲಿಗೆ ಸೋಪು, ನೀರು, ಒಣಬಟ್ಟೆ ಇಷ್ಟೇ.